ನೋಟಿನ ಟಾರ್ಚು

ಅಡತಿ ಅಂಗಡಿಯಲ್ಲಿ ಖೋಟಾ ನೋಟು ಹಿಡಿಯುವ
ನೀಲಿ ಟಾರ್ಚನ್ನು ಕಿಸೆಯಲ್ಲಿ ತಂದಿದ್ದ ಹನುಮೇಶ.
ಮಸ್ಕಿಯಲ್ಲಿ ಕರೆಂಟು ಹೋಗಿ, ಗುಡ್ಡದ ಬಂಡೆ
ಹಗಲ ಕಾವನ್ನಿನ್ನೂ ಉಗುಳುತ್ತಿದ್ದ ಹೊತ್ತು.

ಮಾಡಬೇಕಾದ್ದೆಲ್ಲ ಮಾಡಿದ್ದೆವು:
ಕುಳ್ಳು, ತೊಗರಿಕಟ್ಟಿಗೆ ಗೋಡೆಯಿಂದ ಮೂರು ಮಾರು ದೂರ,
ಬಚ್ಚಲ ಬಿಲಕ್ಕೆ ಸಿಮೆಂಟು,
ಕೂಸಿನ ಅಂಗಿ ಝಾಡಿಸದೆ ತೊಡಿಸಿದ್ದಿಲ್ಲ.
“ಕರೇದು ದೊಡ್ಡದು, ಬರೇ ಬೆದರಸ್ತದ.
ಕೆಂಪಂದು ಬಟ್ಟಿನಷ್ಟು, ಅದಕ್ಕ ಅಂಜು.
ಕಡದ್ರ ದವಾಖಾನಿಗೆ ಓಡು,” ಎನ್ನುತ್ತಿದ್ದಳು
ಚೇಳಿನ ಮಂತ್ರ ಹಾಕುವವನ ಮಗಳೇ ಆದ ನಮ್ಮತ್ತೆ.

ಗುಂಡಿ ಒತ್ತಿದ.
ಹಿತ್ತಲ ಗೋಡೆಯ ಸಂದಿಯಲ್ಲೊಂದು ಹಸಿರು ಕೆಂಡ.
ಬೀಸುಕಲ್ಲಿನಡಿ ಇನ್ನೊಂದು. ತಿಪ್ಪೆಯ ಕಲ್ಲಿಗೆ ನಾಲ್ಕು.
ಎಂಟು ವರ್ಷ ನಾನು ಬರಿಗಾಲಲ್ಲಿ
ನಡುರಾತ್ರಿ ಎದ್ದು ಬಚ್ಚಲಿಗೆ ಹೋದ ದಾರಿ.

ಒಂದರ ಬೆನ್ನು ಮಾತ್ರ ಮಸುಕು. ಬಗ್ಗಿ ನೋಡಿದರೆ
ಮರಿಗಳು, ಅಕ್ಕಿನುಚ್ಚಿನ ಹಾಗೆ ಬಿಳಿ,
ಹೊಳೆಯಲು ಇನ್ನೂ ಕಲಿತಿರದವು.
ಎತ್ತಿದ ಚಪ್ಪಲಿ ಅತ್ತೆಯ ಕೈಯಲ್ಲೇ ಉಳಿಯಿತು.
“ಇಕ್ಕಳ ತಾ,” ಅಂದಳು.
ಡಾಲ್ಡಾ ಡಬ್ಬಿಯೊಳಗಿನ ಗೀರುವ ಸದ್ದನ್ನು ಹನುಮೇಶ
ಹಳ್ಳದಾಚೆ ಒಯ್ದು ಸುರಿದು ಬಂದ.
ಉಳಿದವನ್ನು ಅತ್ತೆ ಬಿಡಲಿಲ್ಲ.

ಬೆಳಿಗ್ಗೆ ಟಾರ್ಚು ಗಲ್ಲಾಕ್ಕೆ ವಾಪಸಾಯಿತು.
ಬಿಸಿಲಲ್ಲಿ ಗೋಡೆ ಬರೀ ಗೋಡೆ.
ನಾನು ಅಗಸಿಗೆ ಹೋಗಿ ಒಂದು ಜೋಡಿ ಚಪ್ಪಲಿ ತಂದೆ;
ಮೆಟ್ಟುವ ಮುನ್ನ ಬಡಿದು ನೋಡುತ್ತೇನೆ.