ಬಲಗೆನ್ನೆ

ಬಾಯಿ ತೆಗೀರಿ ಅಂದರು ಡಾಕ್ಟರ್ ತಬಸ್ಸುಮ್.
ನಾನು ತೋರಿಸಲು ಬಂದದ್ದು ಬೇರೆ ಜಾಗ,
ಪಂಚೆಯ ಗಂಟು ಸಡಿಲಿಸಿಕೊಂಡೇ ಕೂತಿದ್ದೆ.

ಟಾರ್ಚು ಎಡಗೆನ್ನೆಯೊಳಗೆ ನಿಂತಿತು.
ಇಪ್ಪತ್ತು ವರ್ಷ ಹೊಗೆಸೊಪ್ಪು ಒತ್ತಿಟ್ಟ ಮೂಲೆ ಅದು,
ಬೆಳ್ಳಗೆ, ಗಡುಸಾಗಿ, ಸುಣ್ಣ ಬಳಿದ ಹಾಗೆ.
ಇದು ಬರಲ್ಲ ಅಂದರು.
ಬೆಳಕು ಬಲಕ್ಕೆ ಹೊರಳಿತು, ಬಹಳ ಹೊತ್ತು ಅಲ್ಲೇ ಇತ್ತು.
ಗೂಡಿನ ಮಾರುಕಟ್ಟೆಯಲ್ಲಿ ನಾನೂ ಹೀಗೇ,
ಜಾಲರಿಯಿಂದ ಒಂದು ಹಿಡಿ ತೆಗೆದು
ಕಿವಿಯ ಹತ್ತಿರ ಅಲುಗಿಸಿ
ಮಾತಾಡದೆ ನಿಲ್ಲುತ್ತೇನೆ.
"ಈ ಕಡೆ ಚೆನ್ನಾಗಿದೆ ಬಚ್ಚಣ್ಣ."
ನನ್ನ ಮೈಗೆ ಯಾರಾದರೂ ಬೆಲೆ ಕೂಗಿದ್ದು
ಅದೇ ಮೊದಲು.

ಶಿಡ್ಲಘಟ್ಟದ ನಮ್ಮ ಫಿಲೇಚರಿನ ನೆಲ ಯಾವತ್ತೂ ಒದ್ದೆ.
ಮೂರು ವರ್ಷದ ಕೆಳಗೆ, ಬೆಳಗಿನ ಐದಕ್ಕೆ,
ಹುಳು ಬೆಂದ ನೀರಲ್ಲಿ ಕಾಲು ಜಾರಿ
ಬಾನಿಯ ಕಬ್ಬಿಣದ ಅಂಚಿಗೆ
ಕುದುರೆ ಹತ್ತಿದ ಹಾಗೆ ಬಿದ್ದೆ.
ಹುಡುಗರು ನಕ್ಕರು. ನಾನೂ ನಕ್ಕೆ.
ಸಂಜೆಗೆ ರಕ್ತ. ತಿಂಗಳು ಕಳೆದು ಬರೀ ಹನಿ.
ಆಮೇಲೆ ಅದೂ ಇಲ್ಲ.

ಹೊಕ್ಕುಳ ಕೆಳಗೊಂದು ತೂತು,
ತೂತಿಗೆ ನಳಿಗೆ, ನಳಿಗೆಗೆ ಚೀಲ.
ಚೀಲಕ್ಕೆ ಬಟ್ಟೆಯ ಒರೆ ಹೊಲಿದಳು ಮುನಿರತ್ನಮ್ಮ,
ರವಿಕೆಗೆಂದು ತಂದ ಹಸಿರು ತುಂಡಿನಲ್ಲಿ.
ಮದುವೆ ಮನೆಗಳಲ್ಲಿ ನನ್ನದು ಕೊನೆಯ ಪಂಕ್ತಿ.
ರಾತ್ರಿ ಗೋಡೆ ಕಡೆ ಅವಳು, ನಡುವೆ ನಾನು, ಈ ಕಡೆ ಅದು,
ಸದ್ದಿಲ್ಲದೆ ತುಂಬುತ್ತ,
ಮನೆಗೆ ಬಂದು ಉಳಿದುಬಿಟ್ಟ ನೆಂಟನ ಹಾಗೆ.

ಕೆನ್ನೆ ಸಾಲದಿದ್ದರೆ? ಅಂದೆ.
ಮೇಜಿನ ಮೇಲೊಂದು ಪೊಟ್ಟಣ ಇಟ್ಟರು,
ಒಳಗೆ ಹಪ್ಪಳಕ್ಕಿಂತ ತೆಳುವಾದ ಹಾಳೆ.
ಹಂದಿಯ ಸಣ್ಣ ಕರುಳು;
ಜೀವಕಣವನ್ನೆಲ್ಲ ತೊಳೆದು, ಬರೀ ಬಲೆ ಉಳಿಸಿದ್ದು.
ನಿಮ್ಮ ಮೈಯೇ ಬಂದು ಅದರೊಳಗೆ ಕೂರಬೇಕು,
ಖಾಲಿ ಮನೆಗೆ ಬಾಡಿಗೆಯವರು ಬಂದ ಹಾಗೆ.
ಕೆಲವು ಸಲ ಬರೋದಿಲ್ಲ, ಅಂದರು
ಕನ್ನಡಕ ಒರೆಸುತ್ತ.
ಬೇರೇನೂ ಇಲ್ಲವಾ?
"ರೇಷ್ಮೆಯಿಂದಲೂ ಮಾಡಿ ನೋಡ್ತಿದ್ದಾರೆ.
ಇನ್ನೂ ಪರೀಕ್ಷೆಯಲ್ಲಿದೆ. ಇಲ್ಲಿ ಸಿಗಲ್ಲ."

ಇಲ್ಲಿ ಸಿಗಲ್ಲ!
ನಗು ಬಂತು, ನಳಿಗೆ ಎಳೆದು ನೋಯುವಷ್ಟು.
ಮೂವತ್ತೊಂದು ವರ್ಷ, ದಿನಕ್ಕೆ ನಲವತ್ತು ಕೇಜಿ ಗೂಡು,
ಒಂದೊಂದರ ಒಳಗೂ ಒಂದು ಹುಳು,
ಅದರ ಮೇಲೆ ನನ್ನ ಕುದಿನೀರು.
ಅವೇ ಬಂದು ನನ್ನ ದಾರಿ ಕಟ್ಟಿಕೊಡಬೇಕಂತೆ.
ಬರಲಿಲ್ಲ ಅಂತ ಯಾವ ಬಾಯಲ್ಲಿ ದೂರಲಿ?

ಕಡೆಗೆ ಬಲಗೆನ್ನೆಯೇ.
ಎರಡಂಗುಲ ಉದ್ದ, ಹೆಬ್ಬೆರಳಗಲ,
ಒಳಪದರ ಬಿಡಿಸಿ, ಕೊಬ್ಬು ಹೆರೆದು,
ಕೆಳಗೆ ದಾರಿ ಬಿಗಿದಲ್ಲಿ ಸೀಳಿ ಹಾಸಿದರಂತೆ.
ಬಾಯಿಗೆ ಒದ್ದೆಯಲ್ಲಿ ಬದುಕಿ ಗೊತ್ತು,
ಅದಕ್ಕೇ ಅಲ್ಲೂ ಬದುಕುತ್ತೆ.
ಮೊದಲೆರಡು ದಿನ ಅದಕ್ಕೆ ಸ್ವಂತ ರಕ್ತವಿಲ್ಲ,
ಪಕ್ಕದವರ ತೇವ ಕುಡಿದುಕೊಂಡಿರಬೇಕು.

ನಾನೂ ಹಾಗೇ ಇದ್ದೆ. ಚಿಕ್ಕಬಳ್ಳಾಪುರದ ಆ ವಾರ್ಡಿನಲ್ಲಿ
ಮುನಿರತ್ನಮ್ಮ ಚಮಚದಲ್ಲಿ ಬಿಟ್ಟ ತಣ್ಣನೆ ರಾಗಿಗಂಜಿ,
ಮಾತಿಗೆ ಬದಲು ಬೆರಳು.
ಊದಿದ ಕೆನ್ನೆಯಲ್ಲಿ ಮಲಗಿ ಯೋಚಿಸಿದೆ:
ಹಣ್ಣಾದ ಹುಳು ಚಂದ್ರಂಕಿಯಲ್ಲಿ ತಲೆಯೆತ್ತಿ
ಅತ್ತಿತ್ತ ಆಡಿಸುತ್ತ ಬಾಯಿಂದಲೇ ಮನೆ ತೆಗೆಯುತ್ತದೆ,
ಮುಕ್ಕಾಲು ಮೈಲಿ ಎಳೆ, ಎಲ್ಲೂ ಕಡಿಯದೆ.
ನಾನು ತೆಗೆದುಕೊಟ್ಟದ್ದು ಎರಡಂಗುಲ,
ಅದೂ ಮತ್ತು ಬರಿಸಿಕೊಂಡು.

ಮೂರು ವಾರಕ್ಕೆ ನಳಿಗೆ ತೆಗೆದರು.
ಕಕ್ಕಸಿನ ಬಾಗಿಲಾಚೆ ಅವಳು, ಬಂತಾ, ಬಂತಾ ಅಂತ.
ಉತ್ತರ ನಾನು ಕೊಡಲಿಲ್ಲ.
ಸಿಮೆಂಟಿನ ಮೇಲೆ ಸದ್ದೇ ಹೇಳಿತು.
ಆಚೆ ಅವಳು ಮೂಗು ಸೀಟಿದ್ದೂ ಕೇಳಿತು.

ಮತ್ತೆ ಬಿಗಿಯಬಹುದು,
ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದಿದ್ದಾರೆ.
ಹೊಗೆಸೊಪ್ಪು ಬಿಟ್ಟೆ.
ನಾಲಿಗೆ ಈಗಲೂ ಬಲಕ್ಕೆ ಹೋಗಿ ಆ ಗೆರೆ ಸವರುತ್ತದೆ,
ಕಡಿದ ಎಳೆಯ ತುದಿ ಹುಡುಕುವ ಬೆರಳಿನ ಹಾಗೆ.

ಮೊನ್ನೆ ಬೆಳಗಿನ ಐದಕ್ಕೆ ಬಾನಿ ಕುದಿಯುತ್ತಿತ್ತು.
ಕುಕ್ಕೆ ಎತ್ತಿದ ಕೈ ಒಂದು ಗಳಿಗೆ ನಿಂತಿತು.
ಏನಣ್ಣ, ಅಂದ ಹುಡುಗ.
ಏನಿಲ್ಲ ಅಂದೆ.
ಸುರಿದೆ.