ಮಸಿಯಜ್ಜನ ಮೂಲ

ಋಷಿಮೂಲ, ನದಿಮೂಲ ಕೇಳಬಾರದಂತೆ.
ಮಾಂತ್ರಿಕನ ಮೂಲದ ಬಗ್ಗೆ ಗಾದೆ ಏನೂ ಹೇಳಿಲ್ಲ.
ಹಾಗಾಗಿ ಆರನೇ ಕ್ಲಾಸಿನ ಹುಡುಗಿ ಕೇಳಿಯೇಬಿಟ್ಟಳು:
'ಮಸಿಯಜ್ಜನ್ನ ಎಲ್ಲಿಂದ ತಂದ್ರಿ ಮಿಸ್?'

ಹನ್ನೊಂದು ವರ್ಷ, ತಿಂಗಳಿಗೊಂದು ಕಂತು.
ಉತ್ತರ ನಾಲಿಗೆಯ ತುದಿಯಲ್ಲಿರಬೇಕಿತ್ತು.

ಕಣ್ಣು ಒಂದೇ. ಅದು ಶುಕ್ರಾಚಾರ್ಯರದು.
ಬಲಿಯ ದಾನದ ದಿನ ಗಿಂಡಿಯ ಮೂತಿಯೊಳಗೆ
ದುಂಬಿಯಾಗಿ ಕೂತು ಧಾರೆಯ ನೀರು ತಡೆದವರು,
ದರ್ಭೆ ಚುಚ್ಚಿದರೂ ಶಿಷ್ಯನನ್ನು ಬಯ್ಯುವುದು ಬಿಡದವರು.
ಸತ್ತವರನ್ನು ಎಬ್ಬಿಸಬಲ್ಲ ಗುರು
ತನ್ನ ಕಣ್ಣೊಂದನ್ನು ಎಬ್ಬಿಸಿಕೊಳ್ಳಲಿಲ್ಲವಲ್ಲ,
ನನಗೆ ಕಥೆ ಸಿಕ್ಕಿದ್ದು ಅಲ್ಲಿ.

ಹಲ್ಲು ದುರ್ಗದ್ದು.
ಏಳನೇ ವಯಸ್ಸಿನಲ್ಲಿ ಕೋಟೆ ಹತ್ತಿಸಿದ ಚಿಕ್ಕಪ್ಪ
ಬಂಡೆಗಳ ನಡುವೆ ನಿಲ್ಲಿಸಿ, 'ಇದು ಹಿಡಿಂಬನ ಊರು,
ಭೀಮ ಗುದ್ದಿದಾಗ ಉದುರಿದ ಹಲ್ಲು ಗುಡಿಯಾಗೈತಿ' ಅಂದಿದ್ದ.
ಹಲ್ಲು ನೋಡಿದೆನೋ ಇಲ್ಲವೋ ನೆನಪಿಲ್ಲ.
ಆ ರಾತ್ರಿ ಅಲುಗುವ ನನ್ನ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ
ರಾಕ್ಷಸರ ಮಕ್ಕಳೂ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು
ಮಾಡಿನ ಮೇಲೆ ಎಸೆಯುತ್ತಿದ್ದರೇ
ಎಂದು ಯೋಚಿಸಿದ್ದು ನೆನಪಿದೆ.

ಮಾತು ಬುಡಬುಡಿಕೆಯವನದು.
ನಸುಕಿನಲ್ಲಿ ಬಂದು ಒಳ್ಳೆಯದನ್ನೆಲ್ಲ ಪುಕ್ಕಟೆ ನುಡಿದು
ಕೆಟ್ಟದ್ದಕ್ಕೆ ಮಾತ್ರ ಹಳೇ ಸೀರೆ ಕೇಳುತ್ತಿದ್ದ.
ಹೆಸರು, ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ ಅಪ್ಪನ
ಉಗುರ ಸಂದಿಯಿಂದ. ಎಷ್ಟು ತೊಳೆದರೂ ಹೋಗದ್ದು.

ಕೈ?
ಕೈ ಹುಸೇನ್‌ಪೀರರದು. ಇದನ್ನು ಹುಡುಗಿಗೆ ಹೇಳಲಿಲ್ಲ.

ಮಂಡಕ್ಕಿ ಭಟ್ಟಿಗಳ ಬೀದಿ.
ದಾವಣಗೆರೆಯ ಆಕಾಶ ಅಲ್ಲಿ ತುಸು ಕೆಳಗಿರುತ್ತದೆ.
ತಗಡಿನ ಮಾಡು, ಕಾದ ಮರಳು, ಒಂದು ಬೊಗಸೆ ಅಕ್ಕಿ.
ಅವರು ಮಣಿಕಟ್ಟು ತಿರುವಿದ್ದು ಕಾಣುತ್ತಲೇ ಇರಲಿಲ್ಲ;
ಬೊಗಸೆ ಹೋಗಿ ಮೊರ, ಮೊರ ಹೋಗಿ ಚೀಲ,
ಕರ್ರಗಿನ ಗೋಡೆಯ ಬುಡದಲ್ಲಿ ಬೆಳ್ಳನೆಯ ಗುಡ್ಡ.
ಮಂತ್ರವಿಲ್ಲ. ಮರಳು ಪಿಸುಗುಡುತ್ತಿತ್ತು, ಅಷ್ಟೆ.
ಅಪ್ಪ ಹೇಳಿದ ಎರಡು ಸೇರಿಗಾಗಿ ಕಾಯುತ್ತ
ಫ್ರಾಕಿನ ಅಂಚು ಕಚ್ಚಿಕೊಂಡು ನಿಂತಿದ್ದೆ.
ಪುರಾಣಗಳನ್ನೆಲ್ಲ ಓದಿದ್ದು ಆಮೇಲೆ.
ಮೊದಲು ಈ ಕೈ.

ಹೋದ ಮಾರ್ಚಿನಲ್ಲಿ ಅವರ ಮಗಳು ಬಂದಳು,
ಶಮೀಮ್‌ಬಾನು, ಅಂಗನವಾಡಿ ಟೀಚರು,
ಕೈಯಲ್ಲಿ ಸುರುಳಿ ಸುತ್ತಿದ ಸಂಚಿಕೆ.
'ಇದು ನಮ್ಮಪ್ಪನ ಕೈ' ಅಂದಳು. ಪ್ರಶ್ನೆಯಲ್ಲ.
ನಾನು ನೀರು ತರುವ ನೆಪದಲ್ಲಿ ಎದ್ದೆ.

'ಸಿಟ್ಟಿಲ್ರಿ. ಮಕ್ಕಳಿಗೆ ನಾನೇ ಓದಿ ಹೇಳ್ತೀನಿ.
ಆದ್ರೆ ನಿಮ್ಮ ಅಜ್ಜ ಇಷ್ಟು ಹೊಗೆಯಾಗಿದ್ದೂ
ಒಂದ್ಸಲಾನೂ ಕೆಮ್ಮಲ್ವಲ್ರಿ.
ನಮ್ಮಪ್ಪ ಆರು ವರ್ಷ ಕೆಮ್ಮಿದ.
ಒಲೆಗೆ ಟೈರು ಹಾಕ್ತಿದ್ರು.'

ಶುಕ್ರನ ಕಣ್ಣು ತಂದೆ, ಹಿಡಿಂಬನ ಹಲ್ಲು ತಂದೆ,
ಭಟ್ಟಿಯಿಂದ ಕೈಯನ್ನು ಮಣಿಕಟ್ಟಿನವರೆಗೆ ಕತ್ತರಿಸಿ ತಂದೆ.
ಎದೆಯನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಮುಂದಿನ ಕಂತಿನಲ್ಲಿ ಮಸಿಯಜ್ಜ
ಬಂಡೆಯನ್ನು ಕುದುರೆ ಮಾಡಲು ಹೊರಟವನು
ಮಂತ್ರದ ನಡುವೆ ಕೆಮ್ಮಿದ.
ಮುಂದಿನರ್ಧ ಕುದುರೆ, ಹಿಂದಿನದು ಬಂಡೆಯೇ ಉಳಿಯಿತು.
ಮಕ್ಕಳು ಬಿದ್ದೂ ಬಿದ್ದೂ ನಕ್ಕರಂತೆ.
ಸಂಪಾದಕರ ಕಾರ್ಡು ಬಂತು: ಕೆಮ್ಮು ಬೇಗ ವಾಸಿಮಾಡಿ.

ಮಾಡಿಲ್ಲ. ಅದರ ಸಂಜೀವಿನಿ ನನಗೆ ಗೊತ್ತಿಲ್ಲ.
ಕುದುರೆ ಇನ್ನೂ ಅಲ್ಲೇ ನಿಂತಿದೆ,
ಮುಂಗಾಲೆತ್ತಿ, ಬೆನ್ನಿಗೆ ಇಡೀ ದುರ್ಗ ಅಂಟಿಸಿಕೊಂಡು.

ನಿನ್ನೆ ಶಮೀಮ್ ಫೋನು ಮಾಡಿದ್ದಳು:
'ಕೆಮ್ಮೋಕೆ ಮುಂಚೆ ಎಡಗೈ ಎದೆ ಮ್ಯಾಲೆ ಇಡ್ತಿದ್ದ. ಬರ್ಕಳ್ರಿ.'

ಬರೆದುಕೊಂಡೆ.