ಮೂರನೆಯ ಅಂಗಳ

ನಮ್ಮೂರ ಹೆಸರಿಗೆ ದೋಣಿ ಎಂದರ್ಥ.
ನದಿ ಮಾತ್ರ ಕಾಣುವುದಿಲ್ಲ. ಇದ್ದವನ್ನೆಲ್ಲ
ಬಟ್ಟೆ ಗಿರಣಿಗಳ ಕಾಲದಲ್ಲಿ
ಇಟ್ಟಿಗೆಯ ಕೊಳವೆಗಿಳಿಸಿ ಮೇಲೆ ರಸ್ತೆ ಹಾಸಿದರು.
ವೂಚ್‌ನಲ್ಲಿ ಹುಟ್ಟಿದವರಿಗೆ ಗೊತ್ತು:
ಹರಿಯುವುದು ಹರಿಯುತ್ತಲೇ ಇರುತ್ತದೆ, ಕೆಳಗೆ.

ಹದಿನಾಲ್ಕು ವರ್ಷ ಆ ರಸ್ತೆಯ ಮೇಲೆ ಟ್ರಾಮ್ ನಡೆಸಿದೆ.
ಸೀಟಿನಡಿ, ಕೈಗವಸಿನೊಳಗೆ, ಒಂದು ಕೋತಿಮರಿ.
ನೂರು ಮಿಲಿಯ ವೋಡ್ಕಾ ಸೀಸೆಗೆ ನಾವು ಹಾಗೆನ್ನುತ್ತೇವೆ,
ಮುದ್ದಿಗೆ. ಅಂಗೈಯಲ್ಲಿ ಅಡಗುತ್ತದೆ,
ಬೆಳಗಿನ ಐದಕ್ಕೂ ಅಂಗಡಿಯವಳು ಮುಖ ನೋಡದೆ ಕೊಡುತ್ತಾಳೆ.
ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದರೆ ಎಂಬ ಮಾತಿದೆಯಲ್ಲ,
ನನ್ನ ವಿಷಯದಲ್ಲಿ ಕೋತಿಯೇ ನನ್ನನ್ನು ಕುಡಿದದ್ದು.

ಮಾರ್ಚಿನ ಒಂದು ನಸುಕು, ಡಿಪೋ ಬಾಗಿಲಲ್ಲಿ
ಊದು ಎಂದರು. ಊದಿದೆ.
ಅಂಕಿ ನೋಡಿದ ಮೇಲ್ವಿಚಾರಕ ಜೆನೋನ್ ಬೈಯಲಿಲ್ಲ,
ಯಂತ್ರವನ್ನು ಕೊಡವಿ, ಇನ್ನೊಮ್ಮೆ ಊದು ಎಂದ,
ಅದು ಸುಳ್ಳಾಗಲಿ ಎಂದು ಅವನೇ ಬೇಡಿಕೊಳ್ಳುವಂತೆ.

ವಿಳಾಸ ಕೊಟ್ಟದ್ದು ಅತ್ತಿಗೆ ಯಾದ್ವಿಗಾ,
ಔಷಧದ ರಸೀದಿಯ ಬೆನ್ನಿಗೆ ಬರೆದು:
ಗುರುವಾರ ಆರು ಗಂಟೆ. ಮೂರನೆಯ ಅಂಗಳ. ಬೆಲ್ ಕೆಟ್ಟಿದೆ, ತಳ್ಳು.
ನಿಲ್ದಾಣದ ಹೆಸರು ಓದಿ ನಗು ಬಂತು.
ದಿನಕ್ಕೆ ಹನ್ನೆರಡು ಸಲ ಅಲ್ಲಿ ಬಾಗಿಲು ತೆರೆದವಳು,
ಒಮ್ಮೆಯೂ ಇಳಿದಿರಲಿಲ್ಲ.

ಮೊದಲ ಗುರುವಾರ ಕಮಾನಿನವರೆಗೆ ಹೋದೆ.
ಎದುರಿಗೇ ಅಂಗಡಿ.
ಮುಂದಿನದನ್ನು ಹೇಳುವುದು ಬೇಡ.

ಎರಡನೆಯ ಗುರುವಾರ ಮೊದಲ ಅಂಗಳ ದಾಟಿದೆ:
ಕಸದ ತೊಟ್ಟಿ, ಚಕ್ರವಿಲ್ಲದ ಸೈಕಲ್ಲು.
ಕಿಟಕಿಯಿಂದ ಒಬ್ಬ ಮುದುಕಿ
"ಅವರಲ್ಲಿಗಾ? ಇನ್ನೂ ಒಳಗೆ!" ಎಂದು ಕೂಗಿದಳು,
ಇಡೀ ಕಟ್ಟಡಕ್ಕೆ ಕೇಳುವಂತೆ.
"ಅಲ್ಲ, ಪಾರಿವಾಳ ನೋಡಲು ಬಂದೆ" ಎಂದೆ.
ನಿಜವಾಗಿಯೂ ಹಾಗೇ ಅಂದೆ.
ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತೆ.

ಮೂರನೆಯ ಗುರುವಾರ ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು
ಸುರಿಯುತ್ತಿತ್ತು, ಕಿಟಕಿ ಮುಚ್ಚಿತ್ತು.
ತಳ್ಳಿದೆ.

ಒಳಗೆ ಶಾಲೆಯ ಗಿಡ್ಡ ಕುರ್ಚಿಗಳು, ಮೊಣಕಾಲು ಗದ್ದಕ್ಕೆ ತಾಗುವಂಥವು.
ಚಹಾ, ಗಸಗಸೆ ಕೇಕು, ಒದ್ದೆ ಉಣ್ಣೆಯ ವಾಸನೆ.
ಮುಖಗಳ ಗುರುತು ಹತ್ತಿತು.
ಗುರುವಾರ ಏಳೂಮುಕ್ಕಾಲಿಗೆ ನನ್ನ ಟ್ರಾಮ್ ಹತ್ತುತ್ತಿದ್ದವರು,
ಕೇಕಿನ ಡಬ್ಬಿ ಹಿಡಿದು, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ.
ಯಾವುದೋ ಗಾಯನ ಮಂಡಳಿ ಎಂದುಕೊಂಡಿದ್ದೆ.
ಹಾಡು ಬರುವವರ ಸುಖವೇ ಸುಖ ಎಂದು
ಕನ್ನಡಿಯಲ್ಲಿ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೆ.

ನನ್ನ ಸರದಿ. ಬಾಯಿ ತೆರೆದರೆ ಡ್ರೈವರಿನ ದನಿಯೇ ಬಂತು:
"ದಯವಿಟ್ಟು ಬಾಗಿಲಿಗೆ ಒರಗಬೇಡಿ."
ಯಾರೋ ಫಕ್ಕನೆ ನಕ್ಕರು, ನಾನೂ.
ಆಮೇಲೆ ಹೆಸರು ಹೇಳಿದೆ, ಬೋಝೆನಾ.
ಅದರ ಪಕ್ಕದ ಪದ ಆ ದಿನ ಬರಲಿಲ್ಲ.
ಯಾರೂ ಕಾಯ್ದಂತೆಯೂ ಕಾಣಲಿಲ್ಲ.

ಕೋಟಿನ ತೋಳು ಹುಡುಕುತ್ತ ತದೆವುಷ್ ಎಂಬಾತ ಹೇಳಿದ:
"ನೀವು ನನಗಾಗಿ ನಿಂತಿದ್ದಿರಿ. ಎರಡು ವರ್ಷದ ಹಿಂದೆ,
ಇಲ್ಲಿ ನನ್ನ ಮೊದಲ ಸಂಜೆ ಮುಗಿಸಿ ಓಡಿ ಬರುತ್ತಿದ್ದೆ.
ಹೊರಟ ಟ್ರಾಮ್ ನಿಲ್ಲಿಸಿ ಬಾಗಿಲು ತೆರೆದಿರಿ.
ಮುಂದಿನದಕ್ಕೆ ಹದಿನೆಂಟು ನಿಮಿಷವಿತ್ತು.
ಎದುರಿಗೇ ಅಂಗಡಿ."

ನನಗೆ ನೆನಪಿಲ್ಲ. ಆ ವರ್ಷದ್ದು ಹೆಚ್ಚೇನೂ ನೆನಪಿಲ್ಲ.
ಆ ರಾತ್ರಿಯೂ ಸೀಟಿನಡಿ ಅದು ಇದ್ದೇ ಇತ್ತು ಎಂದೆ,
ನಿಮ್ಮೆಲ್ಲರನ್ನೂ ಹೊತ್ತುಕೊಂಡು ಹೊರಟಿದ್ದವಳು ನಾನು.
ಅವನ ಬಳಿ ಅದಕ್ಕೆ ಉತ್ತರವಿರಲಿಲ್ಲ.
"ಬ್ರೇಕು ಹಾಕಿದ್ದೂ ನೀವೇ" ಎಂದು, ಸ್ವಲ್ಪ ತಡೆದು,
ಮಿಕ್ಕ ಕೇಕನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟ.

ಏಳೂಮುಕ್ಕಾಲಿನ ಟ್ರಾಮ್ ನಡೆಸುತ್ತಿದ್ದವನು ಹೊಸ ಹುಡುಗ.
ತಿರುವಿನಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದೆವು.
ಮೆಲ್ಲಗೆ, ಮೆಲ್ಲಗೆ ಎಂದು ನನ್ನ ಬಲಗೈ
ಇಲ್ಲದ ಹಿಡಿಕೆಯನ್ನು ಎಳೆಯಿತು.

ರಾತ್ರಿ ನಿಂತೇ ಕೇಕು ತಿಂದೆ.
ಗಸಗಸೆ ಹಲ್ಲಿಗೆ ಸಿಕ್ಕಿತ್ತು.
ನಾಳೆ ಶುಕ್ರವಾರ. ಶುಕ್ರವಾರಕ್ಕೆ
ರಸೀದಿಯ ಬೆನ್ನಲ್ಲಿ ಏನೂ ಬರೆದಿರಲಿಲ್ಲ.